ನೀಲಿ ಪಟದ ಬಿಳಿ ಅಂಚು

ಬಂಡೆಕಣಿವೆ ಹಟ್ಟಿ,
ಶ್ರೀರಾಂಪುರ ಹೋಬಳಿ, ಹೊಸದುರ್ಗ ತಾಲ್ಲೂಕು
ಶನಿವಾರ, 19-4-2025

ಮುದ್ದಿನ ಮಗಳು ಕೀರ್ತನಾಗೆ,

ನಿನ್ನ ಅವ್ವನ ಆಶೀರ್ವಾದ. ಹೇಗಿದ್ದೀಯವ್ವ? ಹೈದರಾಬಾದಿನ ಬಿಸಿಲು ನಮ್ಮ ಕಡೆಯದಕ್ಕಿಂತ ಜೋರು ಎಂದು ಟಿವಿಯಲ್ಲಿ ಹೇಳುತ್ತಿದ್ದರು. ಮಜ್ಜಿಗೆ ಕುಡಿಯುತ್ತೀಯೋ ಇಲ್ಲವೋ? ದೀಪಾವಳಿಗೆ ಬಂದಾಗ ಕಣ್ಣು ಉರಿಯುತ್ತದೆ ಅನ್ನುತ್ತಿದ್ದೆ. ನೆತ್ತಿಗೆ ಹಚ್ಚಿಕೊಳ್ಳಲಿ ಎಂದು ಹರಳೆಣ್ಣೆ ಕಟ್ಟಿ ಕಳಿಸಿದೆ. ಆ ಶೀಶೆ ಮುಚ್ಚಳ ಕೂಡ ತೆಗೆಸಿಕೊಳ್ಳದೆ ನಿನ್ನ ಕಪಾಟಿನಲ್ಲಿ ಕೂತಿರುತ್ತದೆ, ನನಗೆ ಗೊತ್ತಿಲ್ಲವೇ ನಿನ್ನ ಬುದ್ಧಿ. ಇವತ್ತು ಒಂದು ದಿನವಾದರೂ ಹಚ್ಚಿಕೊಂಡು ತಲೆಗೆ ನೀರು ಹಾಕಿಕೊ. ಮೆಸ್ಸಿನ ಅನ್ನ ಮೆತ್ತಗಿದ್ದರೂ ಹೊಟ್ಟೆ ತುಂಬ ಉಣ್ಣು. ನೀನು ಊಟ ಬಿಡುತ್ತಿದ್ದೀಯ ಎಂದು ನಿನ್ನ ಜೊತೆ ಕೆಲಸ ಮಾಡುವ ಸುಪ್ರಿಯಾ ನನಗೆ ಹೇಳಿದಳು. ಅವಳ ಮೇಲೆ ರೇಗಬೇಡ, ನಾನೇ ಫೋನ್ ಮಾಡಿ ಬಾಯಿ ಬಿಡಿಸಿದೆ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಇದ್ದದ್ದೇ. ನಿಮ್ಮಪ್ಪನಿಗೆ ಈ ವಾರ ಹೊಟ್ಟೆ ಅಷ್ಟು ಸರಿಯಿಲ್ಲ, ಮುದ್ದೆ ಬಿಟ್ಟು ಗಂಜಿ ಕುಡಿಯುತ್ತಿದ್ದಾರೆ. ಬಿಸಿಲಿನ ಜಳ ಇರಬೇಕು ಅನ್ನುತ್ತಾರೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಫೋನ್ ಎತ್ತುವುದಿಲ್ಲ. ಎತ್ತಿದರೆ ಮೀಟಿಂಗಿನಲ್ಲಿದ್ದೀನಿ ಎಂದು ಇಡುತ್ತೀಯ. ಯುಗಾದಿ ಹಬ್ಬದ ದಿನವೂ ಮೀಟಿಂಗ್ ಇರುತ್ತದೆ ಎಂದು ನಂಬುವಷ್ಟು ದಡ್ಡಿಯಲ್ಲ ನಾನು. ಅವತ್ತು ನಿನ್ನ ಪಾಲಿನ ಹೋಳಿಗೆಯನ್ನು ಸಂಜೆತನಕ ಮುಚ್ಚಿಟ್ಟು ಕೊನೆಗೆ ಮುದ್ದಪ್ಪಣ್ಣನ ಮನೆಗೆ ಕೊಟ್ಟೆ. ಅದಕ್ಕೇ ಕಾಗದ ಬರೆಯಲು ಕೂತಿದ್ದೇನೆ. ಕಾಗದವಾದರೆ ನೀನು ನಡುವೆ ಇಡುವ ಹಾಗಿಲ್ಲ, ನಾನೂ ನಡುವೆ ಅಳುವ ಹಾಗಿಲ್ಲ. ಅಂಗನವಾಡಿ ಮಕ್ಕಳ ತೂಕ, ಎತ್ತರ ಬರೆದೂ ಬರೆದೂ ನನ್ನ ಅಕ್ಷರ ಇರುವೆ ಸಾಲಿನ ಹಾಗಾಗಿದೆ. ಸಹಿಸಿಕೊಂಡು ಓದು.

ಮೊದಲು ನನ್ನ ಮಾತು ಮುಗಿಸಿಬಿಡುತ್ತೇನೆ. ಕುರಿಗಳು ಸತ್ತ ದಿನ ನಾನು ನಿನಗೆ ಫೋನ್ ಮಾಡಿ ಆಡಿದ ಮಾತು ಆಡಬಾರದಾಗಿತ್ತು. "ನಿನ್ನ ಉಪಗ್ರಹಕ್ಕೂ ಕಣ್ಣಿಲ್ಲ, ನಿನಗೂ ಇಲ್ಲ" ಎಂದುಬಿಟ್ಟೆ. ಕಣ್ಣೆದುರಿಗೆ ಹಟ್ಟಿಯ ತುಂಬ ಕುರಿ ಕಾಲು ಚಾಚಿ ಬಿದ್ದಿದ್ದವು, ಬಾಯಲ್ಲೆಲ್ಲ ಹಸಿರು ನೊರೆ. ನನಗೆ ಕೈಕಾಲು ಆಡಲಿಲ್ಲ, ನಾಲಿಗೆ ಮಾತ್ರ ಆಡಿತು. ನೀನು ಆ ಕಡೆ ಫೋನ್ ಇಟ್ಟುಬಿಟ್ಟೆ. ಜಗಳವಾಡಿದ್ದರೆ ನನಗೆ ಸಮಾಧಾನ ಇರುತ್ತಿತ್ತು. ಚಿಕ್ಕಂದಿನಿಂದ ನೀನು ಬೈಸಿಕೊಂಡು ಸುಮ್ಮನಿರುವವಳಲ್ಲ, ಒಂದಕ್ಕೆ ಎರಡು ಕೊಡುವವಳು. ನನ್ನನ್ನು ಕ್ಷಮಿಸು ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

ಈಗ ನಿನಗೆ ಗೊತ್ತಿಲ್ಲದ್ದನ್ನು ಬರೆಯುತ್ತೇನೆ. ನೀನು ಉಪಗ್ರಹ ತೆಗೆದ ಡ್ಯಾಮಿನ ಪಟವನ್ನು ಫೋನಿಗೆ ಕಳಿಸಲು ಶುರು ಮಾಡಿದಾಗಿನಿಂದ ನಿಮ್ಮಪ್ಪನ ಕಾಲು ನೆಲದ ಮೇಲೆ ಇರಲಿಲ್ಲ. ನೀಲಿ ಇದ್ದರೆ ಒಳ್ಳೆಯ ನೀರು, ಕೆಂಪು ಇದ್ದರೆ ಪಾಚಿ ಎಂದು ನೀನು ಕಲಿಸಿಕೊಟ್ಟದ್ದನ್ನು ಹೋಬಳಿಗೆಲ್ಲ ಪಾಠ ಮಾಡಿದರು. ಶ್ರೀರಾಂಪುರದ ಹೋಟೆಲಿನಲ್ಲಿ ಟೀ ಆರಿಹೋದರೂ ಸರಿ, ಫೋನ್ ಎತ್ತಿ ಹಿಡಿದು ತೋರಿಸುವುದೇ ತೋರಿಸುವುದು. ಕುರಿಯವರೆಲ್ಲ ದಂಡೆಯಲ್ಲಿ ನಿಂತುಕೊಂಡು, "ಏನಪ್ಪ ಕಾಟಲಿಂಗಣ್ಣ, ಇವತ್ತು ನೀರು ಹೆಂಗೈತೆ, ಮೇಲಿಂದ ವಸಿ ಕೇಳು" ಎಂದು ಕಾಡುವುದು, ಇವರು ಮೀಸೆಯಡಿ ನಗುವುದು. ಕಾಡಿದರೂ ಯಾರೂ ನಿನ್ನ ಪಟ ಬರುವ ಮೊದಲು ಮಂದೆ ಇಳಿಸುತ್ತಿರಲಿಲ್ಲ ಅನ್ನು. ಕಳೆದ ಬೇಸಿಗೆಯಲ್ಲಿ ಎರಡು ಸಲ ನೀನು ಕೆಂಪು ಎಂದೆ, ಎರಡು ಸಲವೂ ಕುರಿಗಳನ್ನು ಬೋರಿನ ತೊಟ್ಟಿಗೆ ಹೊಡೆದರು, ಒಂದಕ್ಕೂ ಏನೂ ಆಗಲಿಲ್ಲ. ಹುಟ್ಟಿದ್ದು ಹೆಣ್ಣು ಎಂದು ಮುಖ ಕಿವುಚಿದ್ದ ನಿಮ್ಮಪ್ಪನ ಅಕ್ಕ ಹುಚ್ಚಕ್ಕ ಕೂಡ, ನಮ್ಮ ಹುಡುಗಿ ಆಕಾಶದಿಂದ ನೋಡುತ್ತಾಳೆ ಎಂದು ಹೇಳಿಕೊಂಡು ತಿರುಗಿದಳು. ಆಗ ನನಗೆ ಎಷ್ಟು ಖುಷಿಯಾಗಿತ್ತು ಎಂದು ನಿನಗೆ ಹೇಳಿರಲಿಲ್ಲ, ಕೊಬ್ಬುತ್ತೀಯ ಎಂದು.

ಈ ವರ್ಷ ಶಿವರಾತ್ರಿ ಹೊತ್ತಿಗೇ ಬೋರು ಬತ್ತಿತು. ತೊಟ್ಟಿ ಒಣಗಿದ ಮೇಲೆ ಡ್ಯಾಮು ಬಿಟ್ಟರೆ ಕುರಿಗೆ ಬೇರೆ ನೀರಿಲ್ಲ. ಆ ದಿನ ಬೆಳಿಗ್ಗೆ ನೀನು ಕಳಿಸಿದ ಪಟ ಪೂರ್ತಿ ನೀಲಿ. ನೀನು ಬಾಯಿ ಬಿಟ್ಟೂ ಹೇಳಿದ್ದೆ, "ಅಪ್ಪ, ನೀರು ಚೆನ್ನಾಗೈತೆ, ಪಾಚಿ ಇಲ್ಲ." ಇವರು ಎಲ್ಲರಿಗಿಂತ ಮುಂಚೆ ಮಂದೆ ಹೊಡೆದುಕೊಂಡು ಹೋದರು. ಮುದ್ದಪ್ಪಣ್ಣನ ಮಂದೆ ಹಿಂದೆ ಇತ್ತು. ಅಲ್ಲಿ ನಡೆದದ್ದನ್ನು ನಿಮ್ಮಪ್ಪ ನನಗೆ ಇವತ್ತಿಗೂ ಹೇಳಿಲ್ಲ, ಮುದ್ದಪ್ಪಣ್ಣನೇ ನಮ್ಮ ಜಗಲಿ ಮೇಲೆ ಕೂತು ಟವೆಲಿನಲ್ಲಿ ಮುಖ ಒರೆಸಿಕೊಳ್ಳುತ್ತಾ ಹೇಳಿದ.

ಕೆಂಚಿ ನೀರು ಕುಡಿಯಲಿಲ್ಲವಂತೆ ಕಣವ್ವ. ನೀನು ಪಿಯುಸಿ ಓದುವಾಗ ಬಾಟಲಿ ಹಾಲು ಕುಡಿಸಿ ಬದುಕಿಸಿದೆಯಲ್ಲ, ಅದೇ ಕೆಂಚಿ. ಈಗ ಅವಳೇ ಮಂದೆಗೆ ಮುಂದಾಳು, ಅವಳು ಬಾಯಿ ಹಾಕದೆ ಉಳಿದವು ಹಾಕುತ್ತಿರಲಿಲ್ಲ. ಅವತ್ತು ದಂಡೆಗೆ ಹೋಗಿ ಮೂಸಿ, ಹಿಂದಕ್ಕೆ ತಿರುಗಿ ನಿಂತಳಂತೆ. ಇವರು ಕೋಲಿನಲ್ಲಿ ತಟ್ಟಿದರು. ಅವಳು ಅಲುಗಲಿಲ್ಲ. ಬೇರೆ ದಿನವಾಗಿದ್ದರೆ ಇವರೂ ಬಗ್ಗಿ ನೋಡಿ ಮಂದೆಯನ್ನು ಬೇರೆ ದಂಡೆಗೆ ಹೊಡೆಯುತ್ತಿದ್ದರು, ಹುಟ್ಟಿದಾಗಿನಿಂದ ಮಾಡಿದ ಕೆಲಸ. ಅವತ್ತು ಹಿಂದೆ ನಾಲ್ಕು ಜನ ನಿಂತು ನೋಡುತ್ತಿದ್ದರು. ಮಗಳ ಮಾತನ್ನು ಒಂದು ಕುರಿ ಸುಳ್ಳು ಮಾಡುತ್ತಿದೆ ಎಂದು ಅನ್ನಿಸಿತೋ ಏನೋ. ಕೆಂಚಿಯ ಕತ್ತು ಹಿಡಿದು ಬಗ್ಗಿಸಿ ಮೂತಿಯನ್ನು ನೀರಿಗೆ ತಾಗಿಸಿದರಂತೆ. "ಕುಡಿಯೇ, ನಮ್ಮ ಕೀರ್ತನಾ ನೋಡಿ ಹೇಳವಳೆ, ಕುಡಿ" ಎಂದರಂತೆ. ಅವಳು ಕುಡಿದಳು. ಅವಳು ಕುಡಿದದ್ದು ನೋಡಿ ಉಳಿದವು ಸಾಲಾಗಿ ಬಾಯಿ ಹಾಕಿದವು. ಮಂದೆ ಹಟ್ಟಿಗೆ ತಿರುಗುವಷ್ಟರಲ್ಲಿ ಮೊದಲು ಕೆಂಚಿಯ ಕಾಲು ನಡುಗಲು ಶುರುವಾಯಿತು. ಅದನ್ನು ನೋಡಿ ಮುದ್ದಪ್ಪಣ್ಣ ತನ್ನ ಮಂದೆಯನ್ನು ಹಿಂದಕ್ಕೆ ಹೊಡೆದ, ಅವನದು ಉಳಿಯಿತು.

ದನದ ಡಾಕ್ಟರು ಬಂದು ನೋಡಿ, ನೀರಿನ ಪಾಚಿಯ ವಿಷ ಎಂದರು. ಯಾರು ನೀರು ಸರಿಯಿದೆ ಎಂದವರು ಎಂದು ಕೇಳಿದರು. ನಿಮ್ಮಪ್ಪ, "ಯಾರೂ ಇಲ್ಲ ಸಾರ್, ನಾನೇ ಗಮನಿಸಲಿಲ್ಲ" ಎಂದರು. ನಿನ್ನ ಹೆಸರು ಎತ್ತಲಿಲ್ಲ. ನಾನು ಒಳಗಿನಿಂದ ಕೇಳಿಸಿಕೊಂಡೆ. ಆ ಗಂಡಸು ಅಷ್ಟು ದೊಡ್ಡದಾಗಿ ನಿನ್ನನ್ನು ಕಾಯುತ್ತಿದ್ದಾಗ ನಾನು ಹಿತ್ತಿಲಿಗೆ ಹೋಗಿ ನಿನಗೆ ಫೋನ್ ಮಾಡಿ ಕಣ್ಣಿಲ್ಲ ಎಂದೆ ನೋಡು.

ಆಮೇಲೆ ಒಂದು ದಿನ ಅಂಗನವಾಡಿಯಲ್ಲಿ ಮಕ್ಕಳು ಮಲಗಿದ್ದಾಗ ನಾನು ಆ ಪಟ ತೆಗೆದು ನೋಡಿದೆ. ನೀಲಿ ನೀರಿನ ಸುತ್ತ ತೆಳ್ಳಗೆ ಒಂದು ಬಿಳಿ ಗೆರೆ ಇದೆಯಲ್ಲ, ಎಲ್ಲಾ ಪಟದಲ್ಲೂ ಇದೆ. ಇಷ್ಟು ದಿನ ಅದು ಸೀರೆಗೆ ಅಂಚು ಇಟ್ಟ ಹಾಗೆ ಚೆಂದಕ್ಕೆ ಇಟ್ಟದ್ದು ಅಂದುಕೊಂಡಿದ್ದೆ. ನೋಡುತ್ತಾ ನೋಡುತ್ತಾ ದೀಪಾವಳಿ ನೆನಪಾಯಿತು. ಅವತ್ತು ಅಂಗಳದಲ್ಲಿ ರಂಗೋಲಿ ಹಿಟ್ಟು ತೆಗೆದುಕೊಂಡು ನೀನು ಡ್ಯಾಮು ಬರೆದೆ. ಅದರ ಮೇಲೆ ಚೌಕ ಚೌಕ ಗೆರೆ ಎಳೆದೆ. ಉಪಗ್ರಹ ಹೀಗೆ ಚೌಕ ಚೌಕವಾಗಿ ನೋಡುತ್ತದೆ, ಒಂದೊಂದು ಚೌಕ ನಮ್ಮ ಅಂಗಳದಷ್ಟು, ಪ್ರತಿ ಚೌಕದಲ್ಲಿ ನೀರಿನ ಬಣ್ಣ ಎಷ್ಟು ಹಸಿರು ಎಂದು ಅಳೆಯುತ್ತೇವೆ ಎಂದೆ. ದಂಡೆಯ ಮೇಲಿನ ಚೌಕಗಳಲ್ಲಿ ಅರ್ಧ ನೀರು, ಅರ್ಧ ಮಣ್ಣು, ಗರಿಕೆ ಎಲ್ಲಾ ಕಲೆಸಿಕೊಂಡು ಲೆಕ್ಕ ಕೆಡುತ್ತದೆ, ಅದಕ್ಕೆ ಅವನ್ನು ಬಿಟ್ಟುಬಿಡುತ್ತೇವೆ ಎಂದು ಅಂಗೈಯಿಂದ ಸುತ್ತಲೂ ಒರೆಸಿದೆ. ಕೈಯೆಲ್ಲ ಬಿಳಿಯಾಯಿತು, ಅದನ್ನು ನನ್ನ ಕೆನ್ನೆಗೆ ಬಳಿದು ಓಡಿದೆ. ಎಷ್ಟು ನಕ್ಕೆವು ಅವತ್ತು.

ಕುರಿ ನೀರು ಕುಡಿಯುವುದು ನೀನು ಒರೆಸಿದ ಜಾಗದಲ್ಲೇ ಅಲ್ಲವೇನೇ? ಕುರಿ ಈಜಿಕೊಂಡು ನಡು ನೀರಿಗೆ ಹೋಗಿ ಕುಡಿಯುತ್ತದೆಯೇ? ಇಷ್ಟು ಸಣ್ಣ ಮಾತು ಮೂರು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ನೀನು ಕುರಿ ಮಂದೆಯ ನಡುವೆ ಹುಟ್ಟಿದವಳು. ನಿಮ್ಮಪ್ಪ ದಿನಾ ಆ ದಂಡೆಯಲ್ಲಿ ನಿಲ್ಲುವವರು. ನಾನು ಮದುವೆಯಾಗಿ ಬಂದಾಗ ಮೊದಲು ಬಿಂದಿಗೆ ಮುಳುಗಿಸಿದ್ದು ಅಲ್ಲೇ. ದೀಪಾವಳಿಯ ಆ ದಿನ ನನ್ನ ತಲೆಯಲ್ಲಿ ಒಲೆ ಮೇಲಿನ ಎಣ್ಣೆ ಇತ್ತು, ನಿಮ್ಮಪ್ಪನ ತಲೆಯಲ್ಲಿ ಮಗಳ ಹೆಮ್ಮೆ ಇತ್ತು, ನಿನ್ನ ತಲೆಯಲ್ಲಿ ಚೌಕ ಇತ್ತು. ಒಬ್ಬರಾದರೂ ಕೇಳಬಹುದಾಗಿತ್ತು. ಕೇಳಲಿಲ್ಲ. ಹಾಗಾಗಿ ತಪ್ಪು ನಿನ್ನೊಬ್ಬಳದು ಎಂದು ಮೂಲೆಯಲ್ಲಿ ಕೂತು ಊಟ ಬಿಡಬೇಡ, ನಮ್ಮ ಮೂವರ ಪಾಲೂ ಅದರಲ್ಲಿದೆ.

ನೀರಿನ ಕೆಲಸ ಬೇಡ, ಬೇರೆ ಕಡೆಗೆ ಹಾಕಿ ಎಂದು ಸಾಹೇಬರಿಗೆ ಬರೆದುಕೊಟ್ಟಿದ್ದೀಯಂತೆ. ಸುಪ್ರಿಯಾ ಹೇಳಿದಾಗ ನನಗೆ ಅಳು ಬಂತು. ನೀನು ಪಟ ಕಳಿಸುವುದು ನಿಲ್ಲಿಸಿದ ಮೇಲೆ ಇಲ್ಲಿ ಏನಾಗಿದೆ ಗೊತ್ತೇ? ಯಾರೂ ನಿನ್ನನ್ನು ಬೈಯುತ್ತಿಲ್ಲ. ಬೈದಿದ್ದರೆ ನಾನು ಸುಮ್ಮನಿರುತ್ತಿದ್ದೆನೇ? ಮಂದೆ ಹೊಡೆದುಕೊಂಡು ಬಂದವರು ದಂಡೆಯಲ್ಲಿ ನಿಂತು ಅಭ್ಯಾಸಬಲದಿಂದ ನಿಮ್ಮಪ್ಪನ ಜೇಬಿನ ಕಡೆ ನೋಡುತ್ತಾರೆ. ಇವರು ಬೇರೆ ಕಡೆಗೆ ಮುಖ ತಿರುಗಿಸುತ್ತಾರೆ. ಮೊನ್ನೆ ಮುದ್ದಪ್ಪಣ್ಣ ನನ್ನ ಹತ್ತಿರ ಬಂದು, "ಅಕ್ಕ, ನಡು ನೀರಲ್ಲಿ ಪಾಚಿ ಹುಟ್ಟಿದ್ದಾದ್ರೂ ಗೊತ್ತಾದ್ರೆ ನಾವು ಹುಷಾರಾಗ್ತೀವಿ. ಹುಡುಗೀಗೆ ವಸಿ ಹೇಳ್ರಿ" ಎಂದ. ಹುಚ್ಚಕ್ಕನೂ ಅದನ್ನೇ ಹೇಳಿದಳು, ಅವಳ ಮಾತಿನಲ್ಲಿ. ಬರೆಯುವ ಹಾಗಿಲ್ಲ.

ನಾನೂ ಸುಮ್ಮನೆ ಕೂತಿಲ್ಲ. ಡಾಕ್ಟರು ಹೇಳಿದ ಮೇಲೆ ಒಂದು ವಿಷಯ ತಿಳಿಯಿತು. ಪಾಚಿ ಹುಟ್ಟುವುದು ಎಲ್ಲೋ, ಗಾಳಿ ಅದನ್ನು ತಳ್ಳಿಕೊಂಡು ಬಂದು ಒಂದು ದಂಡೆಗೆ ಕೆನೆಯ ಹಾಗೆ ಕೂಡಿಹಾಕುತ್ತದಂತೆ. ಆಗ ನಡು ನೀರು ಸ್ವಚ್ಛವಾಗುತ್ತದೆ. ಅವತ್ತು ನಿನ್ನ ಪಟ ನೀಲಿಯಾಗಿದ್ದು ಸುಳ್ಳಲ್ಲ ಅಂದ ಹಾಗಾಯಿತು. ಈಗ ನಾನು ಅಂಗಳ ಗುಡಿಸುವಾಗ ಮೊದಲು ಗುಡ್ಡದ ಮೇಲಿನ ಕರೆಂಟು ಮಾಡುವ ಗಾಳಿ ಫ್ಯಾನುಗಳನ್ನು ನೋಡುತ್ತೇನೆ. ಅವು ಡ್ಯಾಮಿನ ಕಡೆಗೆ ಮುಖ ಮಾಡಿದ್ದರೆ ಗಾಳಿ ಆ ಕಡೆಯಿಂದ ಬರುತ್ತಿದೆ, ನಮ್ಮ ದಂಡೆಗೆ ಪಾಚಿ ಬರುತ್ತದೆ ಎಂದು ಲೆಕ್ಕ. ಆಮೇಲೆ ಬಿಳಿ ಮಗ್ ತೆಗೆದುಕೊಂಡು ದಂಡೆಗೆ ಹೋಗಿ, ನೀರು ಮುಟ್ಟದೆ ಹಿಡಿಯಿಂದಲೇ ಮೊಗೆದು, ಅದರ ಫೋಟೋ ತೆಗೆಯುತ್ತೇನೆ. ದಿನಾ ತೆಗೆದಿದ್ದೇನೆ. ಯಾರಿಗೆ ಕಳಿಸಬೇಕು ಎಂದು ಗೊತ್ತಿಲ್ಲದೆ ಫೋನಿನಲ್ಲೇ ಇಟ್ಟುಕೊಂಡಿದ್ದೇನೆ. ಹಟ್ಟಿಯ ಹೆಂಗಸರು, ಚಂದ್ರಕ್ಕನಿಗೆ ತಲೆ ಕೆಟ್ಟಿದೆ, ಮಗ್‌ಗೆ ಫೋಟೋ ಹೊಡೆಯುತ್ತಾಳೆ ಎಂದು ನಗುತ್ತಾರೆ. ನಗಲಿ. ನಡುವಿನದು ನೀನು ನೋಡು, ನೀನು ಒರೆಸಿದ ಚೌಕಗಳನ್ನು ನಾನು ನೋಡುತ್ತೇನೆ. ಹೀಗೆ ಮಾಡಬಹುದಾ, ನಿನ್ನ ಕೆಲಸಕ್ಕೆ ಇದು ಬರುತ್ತದಾ, ನನಗೆ ತಿಳಿಯದು. ಬರದಿದ್ದರೆ ಬೈದು ಹೇಳು. ನೀನು ಬೈದು ಎಷ್ಟು ದಿನವಾಯಿತು.

ಇನ್ನು ಊರಿನ ಸುದ್ದಿ ಸ್ವಲ್ಪ. ಉಳಿದ ಕುರಿಗಳಲ್ಲಿ ಎರಡು ಮರಿ ಹಾಕಿವೆ. ಒಂದು ಮರಿ ಥೇಟ್ ಕೆಂಚಿಯ ಬಣ್ಣ, ಅದರ ಮೊಮ್ಮಗಳೇ. ತಾಯಿಗೆ ಹಾಲು ಸಾಲದು, ನಿಮ್ಮಪ್ಪ ಬಾಟಲಿ ಹಿಡಿದು ಕುಡಿಸುತ್ತಾರೆ, ನೀನು ಇಟ್ಟು ಹೋಗಿದ್ದ ಅದೇ ಬಾಟಲಿ. ಹೆಸರು ಇಡಿ ಎಂದರೆ ಇಡುವುದಿಲ್ಲ, ಮಗಳು ಬಂದು ಇಡಲಿ ಅನ್ನುತ್ತಾರೆ. ಈಗಲೂ ದೊಡ್ಡಿಯಲ್ಲಿ ಅದರ ಮುಂದೆ ಕೂತಿದ್ದಾರೆ. ಫೋನನ್ನು ದಿನಾ ಚಾರ್ಜಿಗೆ ಹಾಕಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಯಾರಿಗೂ ಮಾಡುವುದಿಲ್ಲ.

ಸುಪ್ರಿಯಾಗೆ ನನ್ನ ಆಶೀರ್ವಾದ ತಿಳಿಸು. ನಿಮ್ಮಪ್ಪ, ಹುಚ್ಚತ್ತೆ, ಮುದ್ದಪ್ಪ ಮಾವ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ಮನೆದೇವರು ನಿನ್ನ ಕಣ್ಣು, ಕೈಕಾಲು ತಣ್ಣಗಿಟ್ಟಿರಲಿ. ಹರಳೆಣ್ಣೆ ಮರೆಯಬೇಡ.

ಇಂತಿ ನಿನ್ನ ಬಾಯಿಬಡುಕಿ ಅವ್ವ,
ಚಂದ್ರಕ್ಕ

ಮರೆತ ಮಾತು: ಮರೆತದ್ದಲ್ಲ, ಹೇಳಬಾರದೆಂದು ನಿಮ್ಮಪ್ಪ ಆಣೆ ಹಾಕಿಸಿಕೊಂಡಿದ್ದರು. ಈಗ ಮುದ್ದಪ್ಪಣ್ಣ ಬೈಕಿನಲ್ಲಿ ಬಂದು ಬಾಗಿಲಲ್ಲಿ ನಿಂತಿದ್ದಾನೆ, ದಂಡೆ ಮತ್ತೆ ಹಸಿರಾಗಿದೆ ಎಂದು. ಫ್ಯಾನುಗಳೂ ಡ್ಯಾಮಿನ ಕಡೆಗೇ ತಿರುಗಿವೆ. ಈ ಕಾಗದವನ್ನು ಪೋಸ್ಟಿಗೆ ಹಾಕುವುದಿಲ್ಲ, ಇಲ್ಲೇ ನನ್ನ ಫೋನಿನಲ್ಲಿ ಫೋಟೋ ತೆಗೆದು ಸುಪ್ರಿಯಾ ನಂಬರಿಗೆ ಕಳಿಸುತ್ತಿದ್ದೇನೆ, ಅವಳು ನಿನ್ನ ಮುಂದೆ ಹಿಡಿಯಲಿ. ನಿಮ್ಮಪ್ಪನ ಹೊಟ್ಟೆ ಕೆಟ್ಟದ್ದು ಬಿಸಿಲಿಗಲ್ಲ. ಆ ದಿನದಿಂದ ಯಾವ ಮಾತನ್ನೂ ನಂಬದೆ, ಕುರಿ ಬಾಯಿ ಹಾಕುವ ಮೊದಲು ತಾವೇ ದಂಡೆಯಲ್ಲಿ ಬಗ್ಗಿ ಬೊಗಸೆ ನೀರು ಕುಡಿಯುತ್ತಿದ್ದಾರೆ. ಕುಡಿದು ಬಂಡೆ ಮೇಲೆ ಕೂತು, ತಮಗೆ ಏನೂ ಆಗದಿದ್ದರೆ ಆಮೇಲೆ ಮಂದೆ ಇಳಿಸುತ್ತಾರೆ. ಬೇಡ ಎಂದು ಕಾಲು ಹಿಡಿದೆ, "ಕೆಂಚಿಗೆ ಕುಡಿಸಿದ್ದು ನಾನು, ನಾನೂ ಕುಡೀತೀನಿ ಬಿಡು" ಎಂದರು. ಮಗ್‌ನಲ್ಲಿ ಮೊಗೆದು ತೋರಿಸಿದರೆ ನನ್ನ ಕೈ ತಳ್ಳಿದರು. ನಾನು ಹೇಳಿದರೆ ಕೇಳುವುದಿಲ್ಲ, ಡಾಕ್ಟರು ಹೇಳಿದರೂ ಕೇಳುವುದಿಲ್ಲ. ಅವತ್ತು ನೀನು ಹೇಳಿದೆ ಎಂದು ಕುಡಿಸಿದವರು, ಇವತ್ತು ನೀನು ಹೇಳಿದರೆ ಬಿಟ್ಟಾರು. ಫೋನ್ ಜೇಬಿನಲ್ಲೇ ಇದೆ, ಚಾರ್ಜೂ ಇದೆ. ನನಗೆ ಮಾಡಬೇಡ, ಅವರಿಗೆ ಮಾಡು. ದೊಡ್ಡಿಯ ಬಾಗಿಲು ತೆಗೆದ ಸದ್ದು ಕೇಳಿಸಿತು, ಮಂದೆ ಹೊಡೆದುಕೊಂಡು ಡ್ಯಾಮಿಗೆ ಹೊರಟರು. ಈಗ ಮಾಡವ್ವ.